ಯಾವುದು ಮಿಣುಕುತ್ತಿದೆ

ಅಂಗಡಿಯವನು ಗಾಜಿನ ಕೌಂಟರಿನ ಮೇಲೆ ಎರಡು ನೆಟ್‌ವರ್ಕ್ ಕಾರ್ಡುಗಳನ್ನು ಇಸ್ಪೀಟಿನ ಎಲೆಗಳಂತೆ ಸರಿಸಿ, ಇನ್ನು ನಿಮ್ಮ ಹಣೆಬರಹ ಎಂಬಂತೆ ಕೈಕಟ್ಟಿ ನಿಂತ. ಒಂದು ಹೊಸದು, ಬಣ್ಣದ ಡಬ್ಬಿಯಲ್ಲಿತ್ತು, ಅಗ್ಗ. ಇನ್ನೊಂದು ಯಾವುದೋ ಆಫೀಸಿನ ಸರ್ವರಿನಿಂದ ಕಿತ್ತದ್ದು. ಡಬ್ಬಿಯಿಲ್ಲ, ಗ್ಯಾರಂಟಿಯಿಲ್ಲ, ಒಂದರ ಪಕ್ಕ ಒಂದು ವೈರು ಚುಚ್ಚುವ ಎರಡು ಪೋರ್ಟು, ಚಿನ್ನದ ಹಲ್ಲುಗಳಂಥ ಅಂಚಿನ ಮೇಲೆ ಯಾರದೋ ಬೆರಳಿನ ಕೊಳೆ. "ಸರ್ ಬರ್ಲಿಲ್ವಾ ಮೇಡಂ?" ಎಂದ. ಅವಳು ಹಿಂದೆಂದೂ ಯಾವ ಸರ್ ಜೊತೆಗೂ ಈ ಅಂಗಡಿಗೆ ಬಂದವಳಲ್ಲ. ಆದರೆ ಅವನ ಲೆಕ್ಕದಲ್ಲಿ ಕಂಪ್ಯೂಟರಿನ ಬಿಡಿಭಾಗ ಕೊಳ್ಳುವ ಪ್ರತಿ ಹೆಂಗಸಿನ ಹಿಂದೆಯೂ, ಮನೆಯಲ್ಲಿ ಕಾಲು ಚಾಚಿ ಕೂತು ತೀರ್ಮಾನ ಮಾಡುವ ಒಬ್ಬ ಸರ್ ಇದ್ದೇ ಇರಬೇಕು. "ನಾನೇ ಬಂದಿದೀನಲ್ಲ" ಎಂದಳು. "ಅಲ್ಲ, ಒಂದು ಫೋನ್ ಮಾಡಿ ಕೇಳ್ಕೊಂಡುಬಿಡಿ ಅಂತ. ಆಮೇಲೆ ಇದಲ್ಲ, ಅದು ಬೇಕಿತ್ತು ಅಂತ ವಾಪಸ್ ತರ್ತಾರೆ ಎಲ್ರೂ." ಅವಳಿಗೆ ನಗು ಬಂತು. ಫೋನ್ ಮಾಡಿ ಹೊಸದೋ ಹಳೆಯದೋ ಎಂದು ಕೇಳಿದರೆ ಸರ್ ಹೊಸದು ಎನ್ನುತ್ತಾನೆ, ಅದರ ಅರ್ಥ ಹಳೆಯದು; ಲಕ್ವ ಹೊಡೆದಾಗಿನಿಂದ ಗಂಡನ ಬಾಯಿಂದ ಎಲ್ಲ ಮಾತೂ ಉಲ್ಟಾ ಬರುತ್ತದೆ ಎಂದು ಈ ಮನುಷ್ಯನಿಗೆ ಹೇಳುವುದು ಹೇಗೆ?

ಹಳೆಯ ಕಾರ್ಡನ್ನು ಕೈಗೆತ್ತಿಕೊಂಡು ಚಿಪ್ಪಿನ ಮೇಲಿನ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದಳು. ವಾರವಿಡೀ ಇದನ್ನೇ ಓದಿದ್ದಳು. ತಾನು ಕೆಲಸ ಮಾಡುವ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಹುಡುಗರು ತಮ್ಮ ಪ್ರೋಗ್ರಾಮು ನಡೆಯುತ್ತಿಲ್ಲ ಎಂದು ಗೋಳಾಡುತ್ತಿದ್ದಾಗ, ಅವಳು ಮೂಲೆಯ ಮೇಜಿನಲ್ಲಿ ಕೂತು, ಮುಖವನ್ನೇ ನೋಡಿರದ ಎಲ್ಲೆಲ್ಲಿಯವರೋ ಲಿನಕ್ಸ್ ತಂತ್ರಾಂಶದ ರೂಟರಿಗೆ ಯಾವ ಕಾರ್ಡು ಒಳ್ಳೆಯದೆಂದು ಕಿತ್ತಾಡುವುದನ್ನು ಓದುತ್ತಿದ್ದಳು. ಅಗ್ಗದ ಚಿಪ್ಪಿಗೂ ಲಿನಕ್ಸಿನಲ್ಲಿ ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಇದೆ, ಕೆಲಸವನ್ನೂ ಮಾಡುತ್ತದೆ, ಆದರೆ ಭಾರ ಬಿದ್ದಾಗ ಒಂದು ಕ್ಷಣ ಉಸಿರು ಹಿಡಿದುಬಿಡುತ್ತದೆ ಎಂದು ಒಬ್ಬ ಬರೆದಿದ್ದ. ಉಸಿರು ಹಿಡಿಯುವುದು. ಆ ಮಾತು ಅವಳನ್ನು ಚುಚ್ಚಿತ್ತು. ಲ್ಯಾಬಿನವರು ಗುಜರಿಗೆ ಹಾಕಲಿದ್ದ ಚಪ್ಪಟೆ ಕಂಪ್ಯೂಟರನ್ನು ಬೇಡಿ ತಂದು, ಅದಕ್ಕೆ ಲಿನಕ್ಸ್ ಹಾಕಿ, ಹೊರಗಿನ ಇಂಟರ್ನೆಟ್ ಲೈನಿಗೂ ಮನೆಯ ಒಳಗಿನ ಲೈನಿಗೂ ನಡುವೆ ಕಾವಲಿಗೆ ಕೂರಿಸಿದ್ದಳು. ಇಂಟರ್ನೆಟ್ ಕಂಪನಿಯವರು ಕೊಟ್ಟಿದ್ದ ಡಬ್ಬಿಗೆ ಯಾರ ಮಾತು ಮುಖ್ಯವೆಂಬ ವಿವೇಕವಿರಲಿಲ್ಲ; ಮಗಳು ಏನಾದರೂ ಇಳಿಸಿಕೊಳ್ಳಲು ಶುರುಮಾಡಿದರೆ ಗಂಡನ ಆನ್‌ಲೈನ್ ಮಾತಿನ ಪಾಠ ನಿಂತುಹೋಗುತ್ತಿತ್ತು. ಈ ಲಿನಕ್ಸ್ ಪೆಟ್ಟಿಗೆಗಾದರೆ ಮೊದಲು ಅವನ ಮಾತು ಹೋಗಲಿ, ಮಿಕ್ಕಿದ್ದೆಲ್ಲ ಆಮೇಲೆ ಎಂದು ಹೇಳಿಕೊಡಬಹುದಿತ್ತು. ಹೇಳಿಕೊಟ್ಟಿದ್ದಳು ಕೂಡ. ಎರಡನೆಯ ಪೋರ್ಟಿಗೆಂದು ಯುಎಸ್‌ಬಿಗೆ ಚುಚ್ಚುವ ಬಾಲದಂಥ ಒಂದು ಅಡಾಪ್ಟರನ್ನು, ಸದ್ಯಕ್ಕೆ ಇದು ಸಾಕು ಎಂದು, ತಂದಿದ್ದಳು. ಅದು ಬಿಸಿಯಾಗುತ್ತಿತ್ತು. ಬಿಸಿಯಾದಾಗ ಸುಮ್ಮನಾಗುತ್ತಿತ್ತು.

ಪರದೆಯ ಮೇಲೆ ಮಾತಿನ ಟೀಚರು ಅರ್ಧ ಬಾಯಿ ತೆರೆದು ಕಲ್ಲಾಗಿ ನಿಲ್ಲುತ್ತಿದ್ದಳು, ಕೈಯಲ್ಲಿ ಹೊಗೆಯಾಡುವ ಲೋಟದ ಚಿತ್ರ. ಅವನು ಎಡಗೈಯನ್ನು ತೊಡೆಯ ಮೇಲಿಟ್ಟು, ಇಂಟರ್ವ್ಯೂಗೆ ಬಂದವನಂತೆ ನೆಟ್ಟಗೆ ಕೂತು ಕಾಯುತ್ತಿದ್ದ. ಮೊದಮೊದಲು ಅವಳತ್ತ ನೋಡುತ್ತಿದ್ದ. "ನೀವಲ್ಲ ರೀ, ಲೈನು" ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು. ಪೆಟ್ಟಿಗೆಯ ಸಂದೇಶಗಳನ್ನು ತೆರೆದು ನೋಡಿದರೆ ಅಡಾಪ್ಟರ್ ಬಿದ್ದದ್ದು, ಎದ್ದದ್ದು, ಮತ್ತೆ ಬಿದ್ದದ್ದು ಎಲ್ಲ ಕಾಣುತ್ತಿತ್ತು. ಆದರೆ ಎಷ್ಟೋ ಸಲ ಲೈನು ನೆಟ್ಟಗೇ ಇದ್ದು ಅವನು ನಿಲ್ಲುತ್ತಿದ್ದ. ನಾಲಿಗೆ ಹಲ್ಲಿನ ಹಿಂದೆ ತಡಕಾಡುತ್ತಿತ್ತು, ಹಣೆಯ ನರ ಎದ್ದು ಕಾಣುತ್ತಿತ್ತು, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯಲು ಬಂದವರನ್ನೆಲ್ಲ "ಎಡಕ್ಕೆ ಅಂದ್ರೆ ಎಡಕ್ಕೆ ಕಣ್ರೀ, ನಿಮ್ಮತ್ತೆ ಮನೆ ಕಡೆಗಲ್ಲ" ಎಂದು ರೇಗಿಸಿ ನಗಿಸುತ್ತಿದ್ದ ಆ ಬಾಯಿ 'ಬಿಸಿ' ಎಂಬ ಒಂದು ಮಾತಿನ ಮುಂದೆ, ಇಳಿಜಾರಿನಲ್ಲಿ ಬ್ರೇಕ್ ಹಾಕಿದ ಗಾಡಿಯಂತೆ ನಡುಗುತ್ತ ನಿಂತುಬಿಡುತ್ತಿತ್ತು. ಆಗಲೂ ಅವಳು "ಲೈನು" ಎನ್ನುತ್ತಿದ್ದಳು. ಹೋದ ವಾರ ಹಾಗೆ ಅಂದಾಗ ಪರದೆಯೊಳಗಿನ ಟೀಚರು ಕಣ್ಣು ಮಿಟುಕಿಸಿ, "ಇಲ್ಲ ಮೇಡಂ, ನನಗೆ ಚೆನ್ನಾಗೇ ಕೇಳಿಸ್ತಿದೆಯಲ್ಲ" ಎಂದುಬಿಟ್ಟಳು. ಅವನು ತಿರುಗಿ ಹೆಂಡತಿಯ ಮುಖ ನೋಡಿದ. ಸಿಟ್ಟಿನ ನೋಟವಲ್ಲ. ಇಷ್ಟು ದಿನ ತಾನು ಕೇಳಿದ 'ಲೈನು'ಗಳಲ್ಲಿ ಎಷ್ಟು ಲೈನು, ಎಷ್ಟು ತಾನು ಎಂದು ಎಣಿಸಲು ಹೊರಟವನ ನೋಟ. ಪಾಠ ಮುಗಿದ ಮೇಲೆ "ಸಾಕು" ಎಂದ. ಹಾಸಿಗೆಗೆ ಹೋಗುವ ಮುಂಚೆ ಇನ್ನೊಮ್ಮೆ, "ಸಾಕು." ಅವಳು ಅದನ್ನು ಎಂದಿನಂತೆ ತಿರುಗಿಸಿಕೊಂಡಳು. ಬೇಕು ಅಂತಿದ್ದಾನೆ. ಟೀಚರಿಗೂ ಹಾಗೇ ಹೇಳಿದಳು: "ಇನ್ನೂ ಬೇಕು ಅಂತಿದಾರೆ, ಶನಿವಾರ ಇಟ್ಕೊಳ್ಳಿ." ಹಾಗೆ ತಿರುಗಿಸಿಕೊಳ್ಳುವುದು ತನಗೆ ಎಷ್ಟು ಅನುಕೂಲ ಎಂಬುದು ಆಗಲೇ ಹೊಳೆದಿತ್ತು, ಹೊಳೆದದ್ದನ್ನು ಪಾತ್ರೆಗಳ ಜೊತೆ ತೊಳೆದು ಬೋರಲು ಹಾಕಿದ್ದಳು.

"ಮೇಡಂ, ನೋಡ್ತಾ ಇದ್ರೆ ಅದು ಮರಿ ಹಾಕಲ್ಲ" ಎಂದ ಅಂಗಡಿಯವನು. ಅವಳು ಬೆಚ್ಚಿ ಕಾರ್ಡನ್ನು ಕೆಳಗಿಟ್ಟಳು. ನಿಜಕ್ಕೂ ಇಲ್ಲಿ ಆರಿಸುವುದಕ್ಕೆ ಏನಿದೆ? ಒಳ್ಳೆಯದು ಯಾವುದೆಂದು ಗೊತ್ತು. ಕೈಗೆಟುಕುವ ಬೆಲೆಯೇ. ಆದರೂ ಕೈ ಬಣ್ಣದ ಡಬ್ಬಿಯ ಕಡೆಗೆ ಹೋಗುತ್ತಿತ್ತು. ಯಾಕೆಂದು ಅವಳಿಗೆ ಈಗ, ಈ ಧೂಳು ಹಿಡಿದ ಫ್ಯಾನುಗಳ, ಸುತ್ತಿಟ್ಟ ವೈರುಗಳ ನಡುವೆ ನಿಂತು, ತಿಳಿಯಿತು. ಆಗಾಗ ಉಸಿರು ಹಿಡಿಯುವ ಕಾರ್ಡೇ ಇದ್ದರೆ ನೀವಲ್ಲ, ಲೈನು ಎನ್ನುವುದಕ್ಕೆ ಜಾಗವಿರುತ್ತದೆ. ಎಂದೂ ಬೀಳದ ಕಾರ್ಡು ಹಾಕಿಬಿಟ್ಟರೆ ಅವನ ಮೌನಕ್ಕೆ ಹೊದೆಸಲು ಮನೆಯಲ್ಲಿ ಒಂದು ಬಟ್ಟೆಯ ತುಂಡೂ ಉಳಿಯುವುದಿಲ್ಲ. ಯೋಚನೆ ಬಂದದ್ದೇ ಮೈಯೆಲ್ಲ ಬಿಸಿಯಾಯಿತು. ಥೂ, ಎಂಥ ಹೆಂಗಸು ನಾನು ಎಂದುಕೊಂಡಳು. "ಇದಕ್ಕೆ ಗಿಡ್ಡ ತಗಡಿನ ಪಟ್ಟಿ ಇದೆಯಾ? ನಮ್ಮದು ಚಪ್ಪಟೆ ಪೆಟ್ಟಿಗೆ, ಈ ಉದ್ದದ್ದು ಕೂರಲ್ಲ" ಎಂದಳು, ಹಳೆಯ ಕಾರ್ಡನ್ನು ಅವನತ್ತ ತಳ್ಳಿ, ಬೇಕಾದ್ದಕ್ಕಿಂತ ಜೋರಾಗಿ. ಅಂಗಡಿಯವನು ಒಂದು ತಗಡಿನ ಡಬ್ಬ ಬೋರಲು ಹಾಕಿ, ತಡಕಾಡಿ, ಒಂದನ್ನು ಹುಡುಕಿ ಕೊಟ್ಟ. "ಸರ್‌ಗೆ ಹೇಳಿ, ಇದೇ ಹೆಸರಲ್ಲಿ ನಕಲೀನೂ ಬರತ್ತೆ, ಇದು ಅಸಲಿ ಅಂತ." "ಹೇಳ್ತೀನಿ" ಎಂದಳು.

ಮನೆಗೆ ಬಂದಾಗ ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಅವನು ಕಿಟಕಿಯ ಬಳಿ ನಿಂತು ಬೀದಿಯಲ್ಲಿ ಯಾರೋ ಗಾಡಿಯನ್ನು ಹಿಂದಕ್ಕೆ ತೆಗೆಯಲು ಒದ್ದಾಡುವುದನ್ನು ನೋಡುತ್ತಿದ್ದ. ಅವನ ಎಡಗೈ ತಾನೇ ತಾನಾಗಿ ಸ್ಟೀರಿಂಗ್ ತಿರುಗಿಸುತ್ತಿತ್ತು. "ಅಮ್ಮಾ, ಎಷ್ಟೊತ್ತು ನೆಟ್ ಇರಲ್ಲ?" "ಸ್ವಲ್ಪ ಹೊತ್ತು." "ನಿನ್ನ ಸ್ವಲ್ಪ ನಂಗೊತ್ತು. ಸಂಜೆ ಅಪ್ಪನ ಪಾಠದೊಳಗೆ ಆದ್ರೆ ಸಾಕು." ಅವಳು ಮಹಡಿ ಮೆಟ್ಟಿಲ ಕೆಳಗಿನ ಗೂಡಿನ ಮುಂದೆ ಕೂತು ಪೆಟ್ಟಿಗೆಯ ಮುಚ್ಚಳ ತೆಗೆದಳು. ಕಾರ್ಡಿನ ಉದ್ದ ಪಟ್ಟಿ ಬಿಚ್ಚಿ ಗಿಡ್ಡದ್ದನ್ನು ಹಾಕಿ, ಸ್ಲಾಟಿನಲ್ಲಿ ಒತ್ತಿದಾಗ ಅದು ಕಟ್ ಎಂದು ಕೂತ ಸದ್ದಿಗೆ, ಎಲ್ಲ ಚಿಂತೆಗಳ ನಡುವೆಯೂ, ಸಣ್ಣ ಸುಖವಾಯಿತು. ಪೆಟ್ಟಿಗೆಯನ್ನು ಗೂಡಿನೊಳಗೆ ಮತ್ತೆ ತಳ್ಳಿದಳು. ಅದರ ಬೆನ್ನು ಗೋಡೆಯ ಕಡೆಗೆ; ಪೋರ್ಟುಗಳು ಈಗ ಒಂದರ ಮೇಲೊಂದು ನಿಂತಿದ್ದವು, ಮೆಟ್ಟಿಲ ಪಕ್ಕದ ಸಂದಿನಿಂದ ಟಾರ್ಚ್ ಬಿಟ್ಟು ಬಗ್ಗಿ ನೋಡಿದರೆ ಮಾತ್ರ ಕಾಣುವಂತೆ. ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಅವುಗಳ ಮೇಲೆ ಬರೆದಿಲ್ಲ. ಲಿನಕ್ಸು ತನಗೆ ತೋಚಿದ ಹೆಸರು ಕೊಟ್ಟುಕೊಂಡಿತ್ತು. ಅದಕ್ಕೊಂದು ಉಪಾಯವಿದೆ: ಹೆಸರು ಹೇಳಿ ಆಜ್ಞೆ ಕೊಟ್ಟರೆ ಆ ಪೋರ್ಟಿನ ದೀಪ ಮಿಣುಕುತ್ತದೆ, ಯಾರಾದರೂ ಹಿಂದೆ ನಿಂತು ನೋಡಿ ಹೇಳಬೇಕು.

ತಾನೇ ಎದ್ದು ಹೋಗಿ ನೋಡಬಹುದಿತ್ತು. ಆದರೆ ಅವನು ಆಗಲೇ ಟಾರ್ಚ್ ಹಿಡಿದು ಸಂದಿನ ಬಳಿ ಬಂದು ನಿಂತಿದ್ದ. ಯಾವಾಗ ಬಂದನೋ. ಮನೆಗೆಲಸದಲ್ಲಿ ಅವರಿಗೂ ಒಂದು ಪಾಲು ಕೊಡಿ, ಒಂದೇ ಮಾತಿನ ಉತ್ತರ ಬರುವಂಥ ಪ್ರಶ್ನೆ ಕೇಳಿ ಎಂದು ಟೀಚರು ಹೇಳಿದ್ದು ನೆನಪಾಯಿತು. ಅಳುವ ಮಗುವಿನ ಕೈಗೆ ಕೀಲಿಗೊಂಚಲು ಕೊಡುವಂತೆ ಅವಳು ಪ್ರಶ್ನೆಯನ್ನು ಕೊಟ್ಟಳು. "ಈಗ ನೋಡಿ ರೀ. ಎರಡರಲ್ಲಿ ಒಂದು ಮಿಣುಕ್ತಾ ಇರತ್ತೆ. ಹೊರಗಿನ ಲೈನು ಅದಕ್ಕೆ. ಮೇಲಿನದೋ ಕೆಳಗಿನದೋ?" ಟಾರ್ಚಿನ ಬೆಳಕು ಗೋಡೆಯ ಮೇಲೆ ಅಲ್ಲಾಡಿತು. ಅವನು ಮೊಣಕಾಲೂರಿ ಕೂತ ಸದ್ದು, ಉಸಿರು. ಅವಳು ಮಾನಿಟರಿನ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. "ಮೇ..." ಎಂದ. "ಮೇ... ಮೇಲೆ." ಹಾಗಾದರೆ ಕೆಳಗಿನದು ಎಂದು ಅವಳ ತಲೆ ತಾನಾಗಿಯೇ ತಿರುಗಿಸಿಕೊಂಡಿತು, ಕನ್ನಡಿಯೆದುರು ಬೈತಲೆ ತೆಗೆಯುವ ಕೈಗೆ ಇರುವಂಥ ಅಭ್ಯಾಸ. "ಸರಿ, ಗೊತ್ತಾಯ್ತು" ಎಂದಳು. "ಮೇಲೆ" ಎಂದ ಅವನು ಮತ್ತೊಮ್ಮೆ, ಟಾರ್ಚಿನ ತುದಿಯಿಂದ ತಗಡನ್ನು ಟಕ್ ಟಕ್ ಎಂದು ಬಡಿದು. "ಹೂಂ ಹೂಂ, ಗೊತ್ತಾಯ್ತು ಅಂದ್ನಲ್ಲ." ಎದ್ದು ಬಂದು, ಅವನನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಸಂದಿಯಲ್ಲಿ ಕೈ ತೂರಿಸಿ, ಕಂಪನಿಯ ವೈರನ್ನು ತಡವುತ್ತ ಕೆಳಗಿನ ತೂತಿಗೆ ಒತ್ತಿದಳು. ಅವನು ಅವಳ ಮಣಿಕಟ್ಟು ಹಿಡಿದುಕೊಂಡ. "ಅಲ್ಲ" ಎಂದ. "ಅಲ್ಲ, ಅಲ್ಲ." ಅವನ ಅಲ್ಲ ಎಂದರೆ ಹೌದು. "ಹೌದು ಮತ್ತೆ, ನಾನೂ ಅದನ್ನೇ ಹಾಕಿದ್ದು" ಎಂದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವನ ಅಂಗೈಯನ್ನು ಮೆಲ್ಲಗೆ ತಟ್ಟಿದಳು. ಒಳಗಿನ ವೈರು ಮೇಲಿನದಕ್ಕೆ ಹೋಯಿತು. ಅವನು ಕೆಳಮೆಟ್ಟಿಲ ಮೇಲೆ ಕೂತ.

"ಅಮ್ಮಾ, ನೆಟ್ ಸತ್ತೇ ಹೋಯ್ತು" ಎಂದು ಮಗಳು ಕೂಗಿದಳು. ಅವಳು ಪೆಟ್ಟಿಗೆಗೆ ತಾನು ಬರೆದುಕೊಟ್ಟಿದ್ದ ಆಜ್ಞೆಗಳ ಸಾಲುಗಳನ್ನು ಓದಿದಳು, ಮತ್ತೆ ಓದಿದಳು. ಎಲ್ಲ ಸರಿ ಇತ್ತು. ಹಾಗಾದರೆ ಕಾರ್ಡೇ ನಕಲಿ. ಅಂಗಡಿಯವನು ಟೋಪಿ ಹಾಕಿದ. ಸರ್ ಇಲ್ಲದೆ ಬಂದ ಮೇಡಮ್ಮಿಗೆ ಅಸಲಿ ಅಂದರೆ ನಂಬುತ್ತಾಳೆ ಅಂತ ಗೊತ್ತು ಅವನಿಗೆ. ನಾಳೆ ಹೋಗಿ ಆ ಕೌಂಟರಿನ ಮುಂದೆ ನಿಲ್ಲಬೇಕು, ಎಲ್ಲರೂ ಕೇಳುವಂತೆ ಅವನು ನಗಬೇಕು; ಇವತ್ತಿನ ಪಾಠ ತಪ್ಪಿದರೆ ಗಂಡನ 'ಸಾಕು' ಗಟ್ಟಿಯಾಗಿ ಹೆಪ್ಪುಗಟ್ಟಿಬಿಡುತ್ತದೆ. ಇದೆಲ್ಲ ತಲೆಯಲ್ಲಿ ಗಿರಕಿ ಹೊಡೆಯುತ್ತಿರುವಾಗ ಫೋನ್ ಬಂತು, ಲೈನ್ ಕಂಪನಿಯ ಆಫೀಸಿನಿಂದ. "ಏನ್ ಮೇಡಂ, ನಿಮ್ಮನೆ ಮೆಷಿನ್ನು ನಮ್ಮ ಲೈನಿಗೇ ಅಡ್ರೆಸ್ ಹಂಚ್ತಾ ಇದೆಯಲ್ಲ! ನಿಮ್ಮ ಬೀದೀಲಿ ಅರ್ಧ ಮನೆಗೆ ನೆಟ್ ಇಲ್ಲ, ಅವರ ಮೆಷಿನ್ನುಗಳೆಲ್ಲ ನಿಮ್ಮನೆ ಒಳಗಡೆ ಇದೀವಿ ಅಂದ್ಕೊಂಡು ಕೂತಿವೆ. ನಿಮ್ಮ ಲೈನ್ ಕಟ್ ಮಾಡಿದೀವಿ." "ಹೊಸ ಕಾರ್ಡು ಹಾಕಿದ್ದೆ..." "ಕಾರ್ಡು ಗೀರ್ಡು ಎಲ್ಲ ಸರಿ ಇದೆ ಮೇಡಂ. ಒಳಗಿನ ವೈರು ಹೊರಗೆ, ಹೊರಗಿನದು ಒಳಗೆ ಚುಚ್ಚಿದೀರಿ. ಅದಲು ಬದಲು. ಮನೇಲಿ ಯಾರಾದ್ರೂ ಗೊತ್ತಿರೋರಿದ್ರೆ ಕೇಳಿ ಹಾಕಬಾರದಾ?"

ಮನೆಯಲ್ಲಿ ಗೊತ್ತಿದ್ದವನು ಮೆಟ್ಟಿಲ ಮೇಲೆ ಕೂತಿದ್ದ. ಟಾರ್ಚನ್ನು ಇನ್ನೂ ಆರಿಸಿರಲಿಲ್ಲ; ಬೆಳಕು ಅವನದೇ ಪಾದದ ಮೇಲೆ ಬಿದ್ದಿತ್ತು. ಅವಳು ಫೋನ್ ಇಟ್ಟು ಅವನ ಮುಂದೆ ಕುಕ್ಕರಿಸಿದಳು. "ನೀವು ಮೇಲೆ ಅಂದದ್ದು... ಮೇಲೇನೇನಾ?" ಅವನು ಅವಳನ್ನು ನೋಡಿದ. ತುಟಿ ಏನನ್ನೋ ಹುಡುಕಿತು, ಹುಡುಕಿದ್ದು ಸಿಗಲಿಲ್ಲ, ಸಿಕ್ಕಿದ್ದನ್ನೇ ಹಿಡಿದುಕೊಂಡ. "ಮೇಲೆ" ಎಂದ, ಕಲಿಯಲು ಬಂದವರಿಗೆ ಹೇಳುತ್ತಿದ್ದ ಅದೇ ಗಡಸು ದನಿಯಲ್ಲಿ, "ಅಂದ್ರೆ, ಮೇಲೆ." ಹಿಂದಿನಿಂದ ಮಗಳ ದನಿ ಬಂತು. "ಅಪ್ಪ ಈಗೀಗ ಸರಿಯಾಗೇ ಹೇಳ್ತಾರಮ್ಮ. ಎಲ್ಲಾನೂ ಅಲ್ಲ, ಆದ್ರೂ ಸುಮಾರು. ನೀನೇ ಉಲ್ಟಾ ಮಾಡ್ಕೊಳ್ತೀಯ. ಮೊನ್ನೆ ಕಿಟಕಿ ಹಾಕು ಅಂದ್ರು, ನೀನು ಪೂರ್ತಿ ತೆಗೆದು ಹೋದೆ. ಅವರು ಸ್ವೆಟರ್ ಹಾಕ್ಕೊಂಡು ಕೂತಿದ್ರು." "ನೀನ್ಯಾಕೆ ಹೇಳ್ಲಿಲ್ಲ?" "ಹೇಳಿದ್ರೆ ನೀನು ಕೇಳ್ತೀಯಾ? ಅಪ್ಪನ ಮಾತು ನಿಂಗೆ ಮಾತ್ರ ಅರ್ಥ ಆಗತ್ತೆ ಅಲ್ವಾ."

ಬೆನ್ನ ಹಿಂದೆ ಅನೇಕ ಬಾಗಿಲುಗಳು ಒಟ್ಟಿಗೇ ತೆರೆದುಕೊಂಡಂತೆ ಚಳಿ ಹೊಡೆಯಿತು. ಆರಿಸು ಎಂದದ್ದಕ್ಕೆ ಹಾಕಿದ ದೀಪ. ತಣ್ಣೀರು ಎಂದದ್ದಕ್ಕೆ ಕಾಯಿಸಿಕೊಟ್ಟ ನೀರು. ಅವನು ಅದನ್ನು ಊದಿ ಊದಿ ಕುಡಿಯುತ್ತ ತನ್ನನ್ನು ನೋಡಿದ್ದು, ತಾನು ಅದನ್ನು ಕೃತಜ್ಞತೆಯೆಂದು ತಿಳಿದದ್ದು. ಪಕ್ಕದ ಮನೆಯ ಮುದುಕ ಮಾತಾಡಿಸಲು ಬಂದಾಗ ಗಂಡ ಕೂತ್ಕೊಳ್ಳಿ ಎಂದ. ಅವಳು ಅವರಿಗೆ ಸುಸ್ತಾಗಿದೆ, ಇನ್ನೊಮ್ಮೆ ಬನ್ನಿ ಎಂದು ಕಳಿಸಿದಳು. ಯಾವ ದಿನದಿಂದ? ಯಾವ ಮಾತಿನಿಂದ? ಒಂದು ಬೆಳಿಗ್ಗೆ ಅವನ 'ಮೇಲೆ' 'ಮೇಲೆ'ಯೇ ಆಗಿ ಎದ್ದಿರಬೇಕು, ಯಾರಿಗೂ ಹೇಳದೆ. ಅವಳು ಕಾವಲು ಪೆಟ್ಟಿಗೆಯಂತೆ ಅವನ ಬಾಯಿಗೂ ಲೋಕಕ್ಕೂ ನಡುವೆ ಕೂತು, ಬಂದ ಪ್ರತಿ ಮಾತನ್ನೂ ತಿರುಗಿಸಿ ಕಳಿಸುತ್ತಲೇ ಇದ್ದಳು. ಹಾಗಾದರೆ ಆ 'ಸಾಕು'? ಅದನ್ನು ಯಾವ ಕಡೆಯಿಂದ ಓದಬೇಕು? ಸಾಕು ಎಂದರೆ ಸಾಕೇ ಆಗಿದ್ದರೆ, ಒಲ್ಲೆ ಎಂದವನನ್ನು ಎಳೆದೆಳೆದು ಪರದೆಯ ಮುಂದೆ ಕೂರಿಸಿದ್ದಾಯಿತು.

ಸಂದಿಗೆ ಕೈ ಹಾಕಿ ವೈರುಗಳನ್ನು ಅದಲು ಬದಲು ಮಾಡಿದಳು. ಈ ಸಲ ಟಾರ್ಚ್ ಅವನು ಹಿಡಿದ. ಅವಳು ಮೇಲಿನ ತೂತಿನ ಮುಂದೆ ವೈರನ್ನು ಒಂದು ಕ್ಷಣ ಹಿಡಿದು ನಿಂತಳು. "ಹಾಂ" ಎಂದ. ಒತ್ತಿದಳು. ಕಂಪನಿಗೆ ಫೋನ್ ಮಾಡಿ ತಪ್ಪಾಯಿತು ಎಂದಳು. ಅವರು ಇನ್ನೊಂದಿಷ್ಟು ಬೈದು ಲೈನು ಬಿಟ್ಟರು. ಮಗಳು ಅಲ್ಲಿಂದಲೇ ಹೆಬ್ಬೆರಳು ಎತ್ತಿದಳು. ಅವಳು ಪರೀಕ್ಷಿಸಲೆಂದು ಮಗಳಿಗೆ ಎಲ್ಲವನ್ನೂ ಒಟ್ಟಿಗೇ ಇಳಿಸಿಕೊಳ್ಳಲು ಹೇಳಿ ಪೆಟ್ಟಿಗೆಯ ಮುಂದೆ ಕೂತು ನೋಡಿದಳು. ಮಾಹಿತಿಯ ಒಂದು ಪ್ಯಾಕೆಟ್ಟೂ ತಪ್ಪಲಿಲ್ಲ. ಕಾರ್ಡು ಉಸಿರು ಹಿಡಿಯಲಿಲ್ಲ. ಒಳ್ಳೆಯದನ್ನೇ ಆರಿಸಿದ್ದಳು.

ಸಂಜೆ ಅವನು ಮುಖ ತೊಳೆದು, ತಲೆ ಬಾಚಿ, ಕೋಣೆಯಲ್ಲಿ ಪರದೆಯ ಮುಂದೆ ಕೂತ. ತಾನಾಗಿ ಕೂತನೋ, ಅಭ್ಯಾಸದಿಂದಲೋ. ಅವಳು ಎಂದಿನಂತೆ ಪಕ್ಕದ ಸ್ಟೂಲನ್ನು ಎಳೆದುಕೊಂಡವಳು ಕೂರದೆ ನಿಂತಳು. ಇಡೀ ಮಧ್ಯಾಹ್ನ ಬಾಯಿಯಲ್ಲಿ ಹೊರಳಿಸಿಕೊಂಡಿದ್ದ ಪ್ರಶ್ನೆಯನ್ನು ಕೇಳಿದಳು. "ಪಾಠ... ಬೇಕಾ ನಿಮಗೆ, ಸಾಕಾ?" ಕೇಳುತ್ತಲೇ, ಬಂದದ್ದನ್ನು ಬಂದ ಹಾಗೇ ತಗೊಳ್ಳುತ್ತೇನೆ, ತಿರುಗಿಸುವುದಿಲ್ಲ ಎಂದು ತನಗೆ ತಾನೇ ಆಣೆಯಿಟ್ಟುಕೊಂಡಳು. ಅವನು ಬಹಳ ಹೊತ್ತು ತೆಗೆದುಕೊಂಡ. ಅವಳು ಸಹಾಯ ಮಾಡಲಿಲ್ಲ. "ಪಾಠ" ಎಂದ. "ಪಾಠ ಬೇಕು." ಅವಳ ಹೆಗಲು ಸಡಿಲವಾಗುವುದರೊಳಗೆ ಅವನು ಎಡಗೈ ಎತ್ತಿ, ಇನ್ನೂ ಇದೆ ಎಂಬಂತೆ, ತಡೆದ. "ನೀನು..." ಎಂದ. "ನೀನು ಸಾಕು."

ಆ ಮಾತಿಗೆ ಎರಡು ಮುಖ. ನೀನೊಬ್ಬಳಿದ್ದರೆ ಸಾಕು ಎಂದು ಸಿನಿಮಾದಲ್ಲಿ ಹೇಳುತ್ತಾರೆ. ಮದುವೆಯಾದ ಹೊಸತರಲ್ಲಿ ಅವನೂ ಗೇರಿನ ಮೇಲೆ ಕೈಯಿಟ್ಟು, ರಸ್ತೆಯ ಮೇಲೆ ಕಣ್ಣಿಟ್ಟು, ಹಾಗೆಯೇ ಹೇಳಿದ್ದುಂಟು. ಅವಳ ತಲೆ ಆ ಅರ್ಥದ ಕಡೆಗೆ ನೀರಿನಂತೆ ಹರಿಯಿತು. ಅವನು ಬಾಗಿಲ ಕಡೆಗೆ ಕೈ ತೋರಿಸಿದ. "ಹೊರಗೆ" ಎಂದ. ಸಿಟ್ಟಿರಲಿಲ್ಲ ಮುಖದಲ್ಲಿ, ಪಕ್ಕದ ಸೀಟಿನ ತನ್ನ ಬ್ರೇಕಿನಿಂದ ಕಾಲೆತ್ತಿ, ಇನ್ನು ಗಾಡಿ ನಿಮ್ಮದು ಎಂದು ಕಲಿಯುವವರಿಗೆ ಹೇಳುವಾಗಿನ ಮುಖ. ಪರದೆಯ ಮೇಲೆ ಟೀಚರು ಆಗಲೇ ಬಂದಿದ್ದಳು. "ನಮಸ್ಕಾರ ಸರ್. ಮೇಡಂ ಇಲ್ವಾ ಇವತ್ತು?"

ಅವಳು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಮಗಳು ಪುಸ್ತಕದಿಂದ ತಲೆಯೆತ್ತಿ ನೋಡಿದಳು. ಒಳಗೆ ಟೀಚರ ದನಿ: "ಇದೇನು ಹೇಳಿ ಸರ್. ನಿಧಾನ." ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದು ಉದ್ದವಾಗುತ್ತ ಹೋಯಿತು. ಲೈನು ಎಂದು ಅವಳ ನಾಲಿಗೆಯ ತುದಿಗೆ ಬಂತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ಹಸಿರು ಬೆಳಕು ಒಂದೇ ಸಮ ಮಿಣುಕುತ್ತಿತ್ತು. ಲೈನಿತ್ತು. ಆ ಮೌನ ಅವನದು. ಅದರೊಳಗೆ ಅವನೊಬ್ಬನೇ ಕೈಚಾಚಿ ತಡಕಾಡುತ್ತಿದ್ದ. ಇಷ್ಟು ದಿನ ಪಕ್ಕದಲ್ಲಿ ಕೂತು, ಅವನಿಗೆ ಸಿಗುವ ಮೊದಲೇ ಪ್ರತಿ ಮಾತನ್ನೂ ತನ್ನ ಬಾಯಲ್ಲಿ ಸದ್ದಿಲ್ಲದೆ ಹೇಳಿಕೊಳ್ಳುತ್ತಿದ್ದಳು. ಈಗಲೂ ತುಟಿ ಆಡಲು ಹೊರಟಿತು. ಆಡಲು ಏನೂ ಇರಲಿಲ್ಲ. ಟೀಚರು ಯಾವ ಚಿತ್ರ ಹಿಡಿದಿದ್ದಾಳೋ ಇಲ್ಲಿಂದ ಕಾಣುವುದಿಲ್ಲ. ಅವನು ಹುಡುಕುತ್ತಿರುವ ಮಾತು ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಹಣೆಯಾನಿಸಿ, ಅವನಿಂದ ಕೇಳಿಯೇ ತಿಳಿಯಬೇಕಾದವಳಾಗಿ, ಅವಳು ಕಾದಳು.